ಯಾವ ಗೋಡೆಯ ಚಿಟ್ಟೆ

ನುಸಿಗುಳಿಗೆಯ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ಬಹಳ ಜನಕ್ಕೆ ಮದುವೆಯ ರೇಷ್ಮೆ ಸೀರೆ, ಅಜ್ಜಿಯ ಟ್ರಂಕು ನೆನಪಾಗುತ್ತವಂತೆ. ನನಗೆ ಮಾತ್ರ ಸಾರಕ್ಕಿಯ ನಮ್ಮ ಹಳೆಯ ಮನೆ ಓನರ್ ನೆನಪಾಗುತ್ತಾರೆ, ಅವರ ಬೆನ್ನಿಗೇ ಬಿಸಿ ಬಿಸಿ ರಾಗಿಮುದ್ದೆ ನೆನಪಾಗುತ್ತದೆ. ಮೂರಕ್ಕೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ, ಆದರೆ ಹೇಳಿ ಮುಗಿಸುವಷ್ಟರಲ್ಲಿ ನಿಮಗೂ ನನ್ನಷ್ಟೇ ಗೊಂದಲವಾದರೆ ಬೈಯಬೇಡಿ.

ಈ ಸಲ ದಸರೆಗೆ ಮೊದಲು ಮನೆಗೆ ಬಣ್ಣ ಹೊಡೆಸಿದೆವು. ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮದೊಂದು ಪುಟ್ಟ ಮನೆ. ಗೋಡೆ ಕಡಿಮೆ, ಪಟ ಜಾಸ್ತಿ. ಪೇಂಟರ್ ಮಂಜಣ್ಣ ಎಲ್ಲವನ್ನೂ ಇಳಿಸಿ ದಿವಾನದ ಮೇಲೆ ಹರಡಿಕೊಂಡಿದ್ದರು. ಬಣ್ಣ ಒಣಗಿದ ಮೇಲೆ ಒಂದೊಂದನ್ನೇ ಎತ್ತಿ ವಾಪಸು ಹಾಕುವ ಕೆಲಸ. ಅನುಭವಸ್ಥರು, ನನ್ನನ್ನು ಹೆಚ್ಚು ಕೇಳಲಿಲ್ಲ. ಲಕ್ಷ್ಮಿ, ಸರಸ್ವತಿ, ಗಣಪತಿ ದೇವರ ಮನೆ ಸೇರಿದರು. ಗಂಧದ ಹಾರ ಹಾಕಿಸಿಕೊಂಡಿದ್ದ ನಮ್ಮ ಮಾವನವರು ದಕ್ಷಿಣದ ಗೋಡೆಗೆ ಹೋದರು. ನಮ್ಮ ಮದುವೆಯ ಫೋಟೋವನ್ನು ಮಾತ್ರ ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದರು. ಹಾರ ಫೋಟೋದ ಒಳಗಿದೆ, ಹೊರಗಿಲ್ಲ, ಅಂದರೆ ಇಬ್ಬರೂ ಬದುಕಿದ್ದಾರೆ. ಅದು ಟಿವಿಯ ಮೇಲಿನ ಮೊಳೆಗೆ ಹೋಯಿತು. ಕೊನೆಗೆ ಒಂದು ಉಳಿಯಿತು.

"ಮೇಡಂ, ಇದು ಯಾವ್ ಗೋಡೆಗೆ?"

ದೇವರ ಪಟಕ್ಕೆ ಹಾಕುವಂಥ ಚಿನ್ನದ ಬಣ್ಣದ ಅಂಚು. ಗಾಜಿನ ಹಿಂದೆ ಬಿಳಿ ಹತ್ತಿ. ಹತ್ತಿಯ ಮೇಲೆ ಒಂದು ಕಂದು ಪತಂಗ, ಒಂದು ಏರೋಪ್ಲೇನ್ ಚಿಟ್ಟೆ, ಹಸಿರಾಗಿ ಮಿರುಗುವ ಜೀರ್ಜಿಂಬೆ, ನಡುವೆ ರೆಕ್ಕೆ ಬಿಚ್ಚಿಕೊಂಡ ಹಳದಿ ಚಿಟ್ಟೆ. ಎಲ್ಲವೂ ನಿಜವಾದವು, ಎಲ್ಲವೂ ಸತ್ತವು. ನಾನು ಹೇಳಿದ್ದು ಮೊದಲಿನ ಚಿತ್ರ. ಮಂಜಣ್ಣ ಎತ್ತಿ ತೋರಿಸಿದಾಗ ನಡುವಿನ ಚಿಟ್ಟೆ ಇರಲಿಲ್ಲ.

"ಒಳಗಡೆ ಏನೋ ಉದುರೋಗಿದೆ ನೋಡಿ. ನಾನೇನ್ ಬೀಳಿಸ್ಲಿಲ್ಲ ಮೇಡಂ, ಇಳಿಸ್ದಾಗ್ಲೇ ಹಿಂಗಿತ್ತು."

ಕೆಳಗಿನ ಅಂಚಿನಲ್ಲಿ ಒಂದು ಚಿಟಿಕೆ ಅರಿಶಿನದಂಥ ಪುಡಿ, ಅರ್ಧ ರೆಕ್ಕೆ. ಮೂಲೆಯ ನುಸಿಗುಳಿಗೆ ಕರಗಿ ತೊಗರಿಬೇಳೆಯಷ್ಟಾಗಿತ್ತು, ವಾಸನೆ ಮಾತ್ರ ಇತ್ತು. ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಆ ದಿನ ಕತ್ರಿಗುಪ್ಪೆಯಿಂದ ಆ ಹಳೆಯ ಓನರ್ ಹೆಂಡತಿ ಜಯಮ್ಮ ಆಂಟಿ ಆಟೋದಲ್ಲಿ ಬಂದು, ಈ ಚೌಕಟ್ಟಿನ ಮುಂದೆ ಬಾಳೆಲೆ ಹಾಕಿ, ತೀರಿಹೋದ ತಮ್ಮ ಗಂಡನಿಗೆ ಊಟ ಬಡಿಸುತ್ತಾರೆ. ನನ್ನ ಮನೆಯಲ್ಲಿ, ಪ್ರತಿ ವರ್ಷ. ಅಂಥ ಚೌಕಟ್ಟಿನ ನಡುಭಾಗವೇ ಪುಡಿಯಾಗಿ ಕೂತಿತ್ತು. "ಸದ್ಯಕ್ಕೆ ಅಲ್ಲೇ ಇಡಿ ಅಣ್ಣ," ಅಂದೆ. ಮಂಜಣ್ಣ ಬಣ್ಣದ ಡಬ್ಬ ಮುಚ್ಚಿಕೊಂಡು, ಗೋಡೆ ತೀರ್ಮಾನವಾದ ಮೇಲೆ ಫೋನ್ ಮಾಡಿ, ಬಂದು ಮೊಳೆ ಹೊಡೆದುಕೊಡುತ್ತೇನೆ ಎಂದು ಹೇಳಿ ಹೋದರು.

ಈಗ ಹಿಂದಕ್ಕೆ ಹೋಗಬೇಕು. ನಾವು ಹಾವೇರಿ ಕಡೆಯವರು. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಗಂಡನೂ ಸಾರಕ್ಕಿ ಕೆರೆಯ ಹತ್ತಿರ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಓನರ್ ಮುನಿರಾಜಣ್ಣ, ಅವರ ಹೆಂಡತಿ ಜಯಮ್ಮ. ಸಾರಕ್ಕಿ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವರು. ಹೊಲ ಗದ್ದೆ ಲೇಔಟಾಗಿ, ರಸ್ತೆಯಾಗಿ, ಅವರು ಬೇಸಾಯ ಬಿಟ್ಟು ಬಾಡಿಗೆದಾರರನ್ನು ಬೆಳೆಯತೊಡಗಿದ್ದರು. ಮೊದಲ ದಿನ ಕೀ ಇಸಿದುಕೊಳ್ಳಲು ಅವರ ಹಾಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಒಂದು ಗೋಡೆಯ ತುಂಬ ದೇವರು, ಒಂದು ಗೋಡೆಯಲ್ಲಿ ಹಾರ ಹಾಕಿದ ಹಿರಿಯರು, ಮೂರನೆಯದರಲ್ಲಿ ಹುಳ.

"ಇವು ಖರೇವೇನ್ರಿ ಅಂಕಲ್?" ಎಂದು ಕೇಳಿದೆ.

ಅವರು ಹೆಂಡತಿಯ ಮುಖ ನೋಡಿದರು. "ನಿಜವಾದ್ದಾ ಅಂತ ಕೇಳ್ತಾವ್ಳೆ," ಎಂದು ಜಯಮ್ಮ ಆಂಟಿ ಅನುವಾದ ಮಾಡಿದರು.

"ಖರೇನೇ ಕಣಮ್ಮ, ಖರೇನೇ." ಆ ಪದ ಅವರಿಗೆ ಎಷ್ಟು ಹಿಡಿಸಿತೆಂದರೆ, ಮುಂದೆ ಯಾರು ಬಂದರೂ ಕೇಳುವ ಮೊದಲೇ "ಎಲ್ಲಾ ಖರೇವು" ಎಂದು ಹೇಳುತ್ತಿದ್ದರು. ಬಂದವರು ಅದೇನೋ ಹುಳದ ಜಾತಿ ಇರಬೇಕೆಂದು ತಲೆಯಾಡಿಸುತ್ತಿದ್ದರು.

ಅಂಕಲ್ ಬೆಳಗ್ಗೆ ಎದ್ದು ಕೈ ಹಿಂದೆ ಕಟ್ಟಿಕೊಂಡು, ತಲೆ ಬಗ್ಗಿಸಿಕೊಂಡು, ಬೀದಿ ಸುತ್ತುತ್ತಿದ್ದರು. ನೋಡಿದವರಿಗೆ ಉಂಗುರ ಕಳೆದುಕೊಂಡವರಂತೆ ಕಾಣುತ್ತಿದ್ದರು. ಬಸ್ಸುಗಳ ಮುಂಭಾಗದ ಜಾಲರಿ, ಬೀದಿ ದೀಪದ ಬುಡ, ಅಂಗಡಿ ಶಟರಿನ ಸಂದಿ, ಇವೆಲ್ಲ ಅವರ ಜಾಗಗಳು. ಬಲೆ ಗಿಲೆ ಇರಲಿಲ್ಲ. "ನಾನ್ ಒಂದನ್ನೂ ಹೊಡೆದಿಲ್ಲ ಕಣಮ್ಮ. ತಾನಾಗೇ ಬಿದ್ದಿರೋದನ್ನ ಎತ್ಕೊಂಡ್ ಬರ್ತೀನಿ, ಅಷ್ಟೇ," ಎನ್ನುತ್ತಿದ್ದರು. ಅದೊಂದು ನೇಮ. ಜೀವ ಇರುವುದು ಸಿಕ್ಕರೆ ಗಿಡದ ಮೇಲೆ ಬಿಟ್ಟು ಬರುತ್ತಿದ್ದರು, ಸತ್ತಿದೆಯೇ ಇಲ್ಲವೇ ಎಂದು ಅನುಮಾನ ಬಂದರೆ ಬೀಡಿ ಮುಗಿಯುವ ತನಕ ಪಕ್ಕದಲ್ಲೇ ಕೂತು ಕಾಯುತ್ತಿದ್ದರು.

ಸತ್ತ ಚಿಟ್ಟೆಯ ರೆಕ್ಕೆ ಸೆಟೆದು ಮಡಚಿಕೊಂಡಿರುತ್ತದೆ. ಬಿಡಿಸಲು ಹೋದರೆ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೆ ಹಬೆ ಬೇಕು. ಒಂದು ದಿನ ಆಂಟಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ತಟ್ಟೆಯ ಗುಳಿಯಲ್ಲಿ ಏರೋಪ್ಲೇನ್ ಚಿಟ್ಟೆಯೊಂದು ಮಲಗಿದೆ. ಮೇಲಿದ್ದ ನನಗೂ ಕೇಳಿಸುವಂತೆ ಕೂಗಾಟವಾಯಿತು. ಸಂಜೆಯ ಹೊತ್ತಿಗೆ ಅಂಕಲ್ ಪಾಲಿಗೆ ಹಳೆಯ ಪಾತ್ರೆ, ಅಡುಗೆಮನೆಗೆ ಹೊಸ ಪಾತ್ರೆ. ಆ ಮನೆಯಲ್ಲಿ ಜಗಳಗಳೆಲ್ಲ ಹೀಗೆಯೇ ಮುಗಿಯುತ್ತಿದ್ದವು. ಗೆದ್ದವರು ಯಾರೆಂದು ನನಗೆ ಒಂದು ಸಲವೂ ತಿಳಿಯಲಿಲ್ಲ.

ಹುಳಗಳ ಹೆಸರು ಅಂಕಲ್‌ಗೆ ಗೊತ್ತಿರಲಿಲ್ಲ. ಪತಂಗವನ್ನೂ ಚಿಟ್ಟೆ ಎನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಊರು. "ಇದು ಹುಣಸೇಮರದ ಹೊಲದ್ದು. ಇದು ಕೆರೆ ಕೆಳಗಿನ ಗದ್ದೇದು. ಈ ಜೀರ್ಜಿಂಬೆ ಬಾವಿ ತೋಟದ್ದು." ಪಾಪ, ಇಷ್ಟು ವಯಸ್ಸಿನಲ್ಲಿ ದೂರದ ಹೊಲಕ್ಕೆ ಹೋಗಿ ಬರುತ್ತಾರಲ್ಲ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಕೊನೆಗೆ ತಿಳಿಯಿತು: ಹುಣಸೇಮರದ ಹೊಲ ಅಂದರೆ ಸಾರಕ್ಕಿ ಸಿಗ್ನಲ್. ಕೆರೆ ಕೆಳಗಿನ ಗದ್ದೆ ಒಂದು ಕಲ್ಯಾಣ ಮಂಟಪ. ಬಾವಿ ತೋಟದಲ್ಲಿ ಟೈರ್ ಅಂಗಡಿ ಇತ್ತು.

ಅದನ್ನೂ ಅರಗಿಸಿಕೊಂಡೆ. ಅರಗದೆ ಉಳಿದದ್ದು ಹಳದಿ ಚಿಟ್ಟೆಯ ವಿಷಯ. ನಾನು ಮೊದಲು ನೋಡಿದಾಗ ಅದು ಹುಣಸೇಮರದ ಹೊಲದ್ದು. ಯುಗಾದಿಗೆ ಬಂದ ನೆಂಟರಿಗೆ ಅದೇ ಚಿಟ್ಟೆ, ಅದೇ ಚೌಕಟ್ಟಿನ ಅದೇ ನಡುಭಾಗ, ಕೆರೆ ಕೆಳಗಿನ ಗದ್ದೇದು ಅಂದರು. ಇನ್ನೊಂದು ಸಲ ಮೀಟರ್ ನೋಡಲು ಬಂದವರಿಗೆ ಬಾವಿ ತೋಟದ್ದು ಅಂದರು. ನನಗೆ ತಡೆಯಲಾಗಲಿಲ್ಲ. "ಅಂಕಲ್, ಇದು ಹುಣಸೇಮರದ್ದು ಅಂದಿದ್ರಲ್ರಿ?" ಎಂದು ಕೇಳಿದೆ. ಅವರು ಚಿಟ್ಟೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದರು: "ಆವಾಗ ಅಲ್ಲಿದು. ಈವಾಗ ಇಲ್ಲಿದು." ಮರೆವು ಶುರುವಾಗಿದೆ ಎಂದು ನನ್ನ ಗಂಡನ ಹತ್ತಿರ ಮರುಕದಿಂದ ಹೇಳಿದೆ. ಆಫೀಸಿನಲ್ಲಿ ಬಿಲ್ ತಾಳೆ ನೋಡುವ ಕೆಲಸ ನನ್ನದು. ಎಲ್ಲವೂ ತಾಳೆಯಾಗಬೇಕು ಎಂಬ ರೋಗ ಆಗಲೇ ಹತ್ತಿತ್ತು.

ಜಯಮ್ಮ ಆಂಟಿಗೆ ಈ ಗೋಡೆ ಕಂಡರೆ ಆಗುತ್ತಿರಲಿಲ್ಲ. "ಸತ್ತಿದ್ದನ್ನ ಮನೇಲಿ ಇಟ್ಕೋಬಾರ್ದು," ಎನ್ನುವರು.

"ಹಂಗಾದ್ರೆ ನಮ್ಮಪ್ಪನ್ನ ಯಾಕೆ ನೇತಾಕಿದೀಯ?" ಇದು ಅಂಕಲ್.

"ಅದು ಫೋಟೋ. ಮಾವನೋರಲ್ಲ."

"ಅದನ್ನೇ ಕಣೇ ನಾನೂ ಹೇಳೋದು. ಫೋಟೋದಲ್ಲಿ ನಮ್ಮಪ್ಪ ಇಲ್ಲ, ಬರೀ ಕಾಗ್ದ. ಇದ್ರಲ್ಲಿ ಚಿಟ್ಟೆನೇ ಇದೆ. ಯಾವ್ದು ವಾಸಿ?"

ಮೆಟ್ಟಿಲ ಮೇಲೆ ಕೂತು ಇದನ್ನು ಕೇಳಿಸಿಕೊಂಡ ನನಗೆ ಅಂಕಲ್ ಮಾತು ಸರಿ ಅನ್ನಿಸಿತು. ಆಂಟಿಯ ಮಾತೂ ಸರಿ ಅನ್ನಿಸಿತು. ಎರಡೂ ಸರಿಯಾದರೆ ನಮ್ಮ ಮನೆಯಲ್ಲಿ ಯಾರ ಪಟ ಹಾಕಬೇಕು ಎಂದು ಯೋಚಿಸುತ್ತ ಅನ್ನ ಸೀದಿಸಿದೆ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಆಂಟಿ ಒಂದು ತೀರ್ಮಾನಕ್ಕೆ ಬಂದರು. ಅವರ ಕಡೆ ಅದು ಹಿರಿಯರ ಹಬ್ಬ. ತೀರಿಹೋದವರ ಫೋಟೋಗಳನ್ನೆಲ್ಲ ಇಳಿಸಿ ಒರೆಸಿ ಸಾಲಾಗಿ ಇಟ್ಟು, ಒಬ್ಬೊಬ್ಬರ ಮುಂದೂ ಬಾಳೆಲೆ ಹಾಕಿ, ಅವರಿಗೆ ಏನು ಇಷ್ಟವೋ ಅದನ್ನು ಬಡಿಸುತ್ತಾರೆ. ಮುದ್ದೆ, ಮಾಂಸದ ಸಾರು, ಕಜ್ಜಾಯ, ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟು. ಇದಕ್ಕೆ ಎಡೆ ಇಡುವುದು ಎನ್ನುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಸಂಕೋಚವಿಲ್ಲದೆ ಉಂಡು ಹೋಗಲಿ ಎಂದು. ಆ ದಿನ ಆಂಟಿ ಸಾಲಿನ ಕೊನೆಯಲ್ಲಿ ಹಳದಿ ಚಿಟ್ಟೆಯ ಚೌಕಟ್ಟನ್ನೂ ತಂದು ಇಟ್ಟು, ಅದರ ಮುಂದೊಂದು ಎಲೆ ಹಾಕಿ, ಮುದ್ದೆ ಇಟ್ಟರು. "ಮನೇಲಿ ಸತ್ತವರಿಗೆಲ್ಲಾ ಇಡ್ತೀನಿ. ಇವೇನ್ ಪಾಪ ಮಾಡಿದ್ವು?" ಎಂದು ಗಂಡನ ಕಡೆ ನೋಡಿದರು. ಅವರಿಗೆ ನಾಚಿಕೆಯಾಗಲಿ ಎಂಬುದು ಉದ್ದೇಶ.

ಅಂಕಲ್ ಎಲೆ ನೋಡಿ ಗಂಭೀರವಾಗಿ ಹೇಳಿದರು: "ಅದು ಮುದ್ದೆ ತಿನ್ನಲ್ಲ ಕಣೇ. ಒಂಚೂರು ಸಕ್ಕರೆ ನೀರು ಇಡು."

ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಒಳಗೆ ಹೋಗಿ ಒಂದು ಬಟ್ಟಲಲ್ಲಿ ಸಕ್ಕರೆ ನೀರು ತಂದಿಟ್ಟರು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಹಿರಿಯರಿಗೆ ಮುದ್ದೆ, ಹುಳಗಳಿಗೆ ಸಕ್ಕರೆ ನೀರು. ನಾವು ಬಾಡಿಗೆದಾರರೂ ಮುಚ್ಚಿದ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಅವರ ಜೊತೆ ಕಾಯುತ್ತಿದ್ದೆವು.

ಕುಮಾರಸ್ವಾಮಿ ಲೇಔಟಿಗೆ ಬಂದ ಮೇಲೂ ಹಬ್ಬಕ್ಕೆ ಕರೆ ಬರುತ್ತಿತ್ತು, ಹೋಗುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅಂಕಲ್ ಹೃದಯಾಘಾತದಿಂದ ತೀರಿಕೊಂಡರು. ಅವರು ಹೋದ ಮೇಲಿನ ಮೊದಲ ಹಿರಿಯರ ಹಬ್ಬಕ್ಕೆ ನಾನೊಬ್ಬಳೇ ಹೋದೆ. ಸಾಲಿನಲ್ಲಿ ಅಂಕಲ್ ಫೋಟೋ ಹೊಸದಾಗಿ ಸೇರಿತ್ತು. ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಯಾರೋ ಗದರಿಸಿ ಕೂರಿಸಿದಂತಿತ್ತು. ಅದರ ಮುಂದೆ ಸಕ್ಕರೆ ನೀರಿನ ಬಟ್ಟಲು. ಹಳದಿ ಚಿಟ್ಟೆಯ ಮುಂದೆ ಮುದ್ದೆ, ಸಾರು, ಕಜ್ಜಾಯ, ಬೀಡಿ ಕಟ್ಟು, ಬೆಂಕಿಪೊಟ್ಟಣ.

ದುಃಖದಲ್ಲಿ ಕೈ ತಪ್ಪಿದೆ ಅಂದುಕೊಂಡೆ. ಮೆಲ್ಲಗೆ ಅವರ ಕಿವಿಯ ಹತ್ತಿರ ಹೇಳಿದೆ: "ಆಂಟಿ, ಅದಲು ಬದಲು ಆಗಿದೆ."

"ಆಗಿಲ್ಲ ಕಣಮ್ಮ," ಅಂದರು. "ಫೋಟೋದಲ್ಲಿ ಇರಲ್ಲ ಅಂತ ಅವರೇ ಹೇಳ್ತಿದ್ರಲ್ಲ. ಬರೀ ಕಾಗ್ದಕ್ಕೆ ಯಾಕೆ ಊಟ ಹಾಕ್ಲಿ? ಅದಕ್ಕೂ ಬೇಜಾರಾಗ್ಬಾರ್ದು ಅಂತ ಸಕ್ಕರೆ ನೀರು ಇಟ್ಟೆ."

ನಾನು ಅತ್ತೆ. ನಗು ಬರಬೇಕಾದ ಜಾಗದಲ್ಲಿ ಯಾಕೆ ಅಳು ಬಂತೆಂದು ಬಸ್ಸಿನಲ್ಲಿ ಮನೆಯ ತನಕ ಯೋಚಿಸಿದೆ.

ಮುಂದೆ ಸಾರಕ್ಕಿಯ ಮನೆ ಕೆಡವಿ ಫ್ಲ್ಯಾಟ್ ಕಟ್ಟಿಸಲು ಕೊಟ್ಟರು. ಆಂಟಿ ಕತ್ರಿಗುಪ್ಪೆಯ ಮಗಳ ಮನೆಗೆ ಹೋದರು. ಮಗಳು ಒಳ್ಳೆಯವಳು, ಆದರೆ ಅವಳ ಮಗುವಿಗೆ ಉಬ್ಬಸ. ನುಸಿಗುಳಿಗೆಯ ಗಾಳಿ ಸೋಕಿದರೆ ಮಗು ಉಸಿರಿಗೆ ಒದ್ದಾಡುತ್ತಿತ್ತು. ಫೋಟೋ ಆ ಮನೆಗೆ ಹೋಗಬಹುದಿತ್ತು, ಚಿಟ್ಟೆ ಹೋಗುವಂತಿರಲಿಲ್ಲ. ಒಂದು ಸಂಜೆ ಆಂಟಿ ಆಟೋದಲ್ಲಿ ಬಂದು, ಹಳೆಯ ಸೀರೆಯಲ್ಲಿ ಸುತ್ತಿದ ಚೌಕಟ್ಟನ್ನು ನನ್ನ ಮಡಿಲಲ್ಲಿಟ್ಟರು. "ನಿನ್ ಮನೇಲಿ ಇರ್ಲಿ. ಹಬ್ಬಕ್ಕೆ ನಾನೇ ಬಂದು ಎಡೆ ಇಡ್ತೀನಿ," ಅಂದರು. ಬಾಗಿಲ ತನಕ ಹೋದವರು ತಿರುಗಿ, "ಸಾರಕ್ಕಿ ಬಿಟ್ಟು ಎಲ್ಲೂ ಹೋದೋರಲ್ಲ. ಇಲ್ಲಿಗೆ ದಾರಿ ಗೊತ್ತಾಗುತ್ತೋ ಇಲ್ವೋ ಅವರಿಗೆ," ಎಂದು ತಮಗೆ ತಾವೇ ಹೇಳಿಕೊಂಡರು. ಪ್ರತಿ ವರ್ಷ ಮುದ್ದೆ ಬಡಿಸುವಾಗ ಆ ಮಾತು ಬರುತ್ತದೆ. ನಮ್ಮದು ಮಾಂಸ ತಿನ್ನದ ಮನೆಯೆಂದು ಬಸ್ಸಾರು ಮಾಡಿಕೊಂಡು ಬರುತ್ತಾರೆ. "ವರ್ಷಕ್ಕೊಂದಿನ ಸೊಪ್ಪು ತಿಂದ್ರೆ ಏನೂ ಆಗಲ್ಲ, ಬಂದ್ರೆ ಸಾಕು," ಎನ್ನುತ್ತಾರೆ.

ನನಗೆ ಕೊಟ್ಟದ್ದು ಅಲಂಕಾರದ ವಸ್ತುವೋ, ಮನುಷ್ಯರೋ? ಮನೆಗೆ ಬಂದವರು "ಸಖತ್ತಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ಏನು ಹೇಳಲಿ? ಒಮ್ಮೆ ಗಿಫ್ಟ್ ಅಂದೆ, ಒಮ್ಮೆ ನಮ್ಮ ಓನರ್ ಅಂದುಬಿಟ್ಟೆ. ಕೇಳಿದವರು ಕಾಫಿ ಬೇಗ ಮುಗಿಸಿದರು. ಎಲ್ಲಿ ನೇತುಹಾಕಿದರೂ ಮನಸ್ಸಿಗೆ ಒಗ್ಗದೆ ವರ್ಷಕ್ಕೊಂದು ಮೊಳೆ ಬದಲಾಯಿಸುತ್ತಿದ್ದೆ.

ಅಂಥದ್ದರಲ್ಲಿ ಚಿಟ್ಟೆ ಪುಡಿಯಾಗಿತ್ತು. ಮಂಜಣ್ಣ ಹೋದ ಮೇಲೆ ಫೋನಿನಲ್ಲಿ ಹುಡುಕಿದೆ. ಚೌಕಟ್ಟು ಹಾಕಿದ ಚಿಟ್ಟೆಗಳು ಬೇಕಾದಷ್ಟಿದ್ದವು, ಯಾವುದೋ ದೇಶದ ನೀಲಿ ಹೊಳಪಿನವು, ಹಾಲಿನ ಅಂದಕ್ಕೆಂದೇ ಮಾಡಿದವು. ಅಷ್ಟು ಲಕ್ಷಣವಾಗಿ ಯಾವುದೂ ತಾನಾಗಿ ಸಾಯುವುದಿಲ್ಲ, ಯಾರೋ ಹೊಡೆದೇ ಇರಬೇಕು ಅನ್ನಿಸಿತು. ಫೋನ್ ಆಚೆ ಇಟ್ಟೆ. ಮರುದಿನದಿಂದ ತಲೆ ಬಗ್ಗಿಸಿಕೊಂಡು ನಡೆಯತೊಡಗಿದೆ. "ಏನ್ ಕಳ್ಕೊಂಡ್ರಿ ಆಂಟಿ?" ಎಂದು ಪಕ್ಕದ ಮನೆಯ ಹುಡುಗಿ ಕೇಳಿದಳು. ಏನು ಕಳೆದುಕೊಂಡಿದ್ದೇನೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇರುವೆ ಹೊತ್ತೊಯ್ಯುತ್ತಿದ್ದ ರೆಕ್ಕೆ ಸಿಕ್ಕಿತು, ಚಾಕೊಲೇಟ್ ಕಾಗದಗಳು ಸಿಕ್ಕಿ ಆಸೆ ಹುಟ್ಟಿಸಿದವು. ಹಬ್ಬದ ಹಿಂದಿನ ದಿನ ಹೂವು ತರಲು ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿದ್ದೆ. ಸಿಗ್ನಲ್ ಹತ್ತಿರ ನಿಂತಿದ್ದ ಗೂಡ್ಸ್ ಆಟೋದ ವೈಪರಿನ ಸಂದಿಯಲ್ಲಿ ಹಳದಿ ಕಂಡಿತು. ಡ್ರೈವರ್‌ನನ್ನು ಕೇಳಿದೆ. "ತಗೊಳಿ ಅಕ್ಕ, ಅದಕ್ಕೇನ್ ಕೇಳ್ತೀರ," ಅಂದ. ಮುಟ್ಟಿ ನೋಡಿದೆ, ಜೀವ ಇರಲಿಲ್ಲ. ಆದರೂ ಖಾತ್ರಿಗೆ ಸ್ವಲ್ಪ ಹೊತ್ತು ಕಾದೆ. ಸಿಗ್ನಲ್ ಬಿಟ್ಟಿತು, ಆಟೋ ಹೋಯಿತು, ನಾನು ಅಂಗೈ ಮುಚ್ಚಿಕೊಂಡು ಅಲ್ಲೇ ನಿಂತಿದ್ದೆ.

ಮನೆಗೆ ಬಂದು ಇಡ್ಲಿ ಪಾತ್ರೆಗೆ ನೀರಿಟ್ಟೆ. "ಸಂಜಿಮುಂದ ಇಡ್ಲಿ ಯಾಕ?" ಎಂದು ನನ್ನ ಗಂಡ ಕೇಳಿದರು. ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಹೋದರು. ಅವರೂ ಸಾರಕ್ಕಿಯಲ್ಲಿ ಇದ್ದವರೇ.

ಚೌಕಟ್ಟನ್ನು ಮಗುಚಿದಾಗ ಒಂದು ವಿಷಯ ಕಂಡಿತು. ದೇವರ ಪಟಗಳ ಬೆನ್ನಿಗೆ ಕಾಗದ ಅಂಟಿಸಿ ಮುಚ್ಚಿರುತ್ತಾರೆ. ಇದಕ್ಕೆ ಬಗ್ಗಿಸಿದ ಸಣ್ಣ ಮೊಳೆಗಳಿದ್ದವು, ತಿರುಗಿಸಿದರೆ ಬಾಗಿಲಿನಂತೆ ತೆರೆಯಿತು. ತೆರೆದು ತೆರೆದು ಮೊಳೆಯ ಸುತ್ತ ಮರ ಸವೆದಿತ್ತು. ನಡುವಿನ ಹತ್ತಿಯ ಮೇಲೆ ಹಳದಿ ಕಲೆ, ಅದರ ಮೇಲೆ ಸ್ವಲ್ಪ ಓರೆಯಾಗಿ ಇನ್ನೊಂದು, ಅದರ ಮೇಲೆ ಮತ್ತೊಂದು. ಎಲ್ಲವೂ ರೆಕ್ಕೆಯ ಆಕಾರದವು. ಬಹಳ ಹೊತ್ತು ನೋಡಿದೆ, ಏನೂ ಅರ್ಥವಾಗಲಿಲ್ಲ. ಹೊಸದನ್ನು ಅದೇ ಜಾಗದಲ್ಲಿಟ್ಟು ಮುಚ್ಚಿದೆ. ಒಂದು ರೆಕ್ಕೆಯ ತುದಿ ಹರಿದಿತ್ತು.

ಅಮಾವಾಸ್ಯೆಯ ದಿನ ಜಯಮ್ಮ ಆಂಟಿ ಟಿಫಿನ್ ಕ್ಯಾರಿಯರ್ ಹಿಡಿದು ಬಂದರು. ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಕೂರುವ ಮೊದಲೇ ಹೇಳಿದೆ: "ಆಂಟಿ, ಹಳೇ ಚಿಟ್ಟೆ ಪುಡಿಯಾಗ್ಹೋಯ್ತು. ಇದು ಬೇರೆ. ಸತ್ತಿದ್ದೇ ಸಿಕ್ತು, ನಾನ್ ಹೊಡೀಲಿಲ್ಲ."

ಆಂಟಿ ಗಾಜಿನ ಹತ್ತಿರ ಮುಖ ತಂದು ನೋಡಿದರು.

"ಅಯ್ಯೋ, ಅದೆಷ್ಟ್ ಸಲ ಪುಡಿಯಾಗಿದೆಯೋ," ಅಂದರು. "ಹುಳ ತಿನ್ನೋದು, ಇವರು ಇನ್ನೊಂದ್ ತರೋದು. ನಡುವೆ ಹಳದೀನೇ ಇರ್ಬೇಕು ಅಂತ ಹಟ ಬೇರೆ. ನೀನ್ ಮೇಲಿದ್ದಾಗ್ಲೂ ಬದಲಾಯಿಸಿದಾರೆ."

ಆವಾಗ ಅಲ್ಲಿದು, ಈವಾಗ ಇಲ್ಲಿದು ಎಂದಿದ್ದರು ಅಂಕಲ್. ಮರೆವೂ ಅಲ್ಲ, ಸುಳ್ಳೂ ಅಲ್ಲ. ಅಷ್ಟು ವರ್ಷ ತಾಳೆಯಾಗದೆ ಉಳಿದದ್ದು ತಾಳೆಯಾಯಿತು, ಆದರೆ ಅದರ ಜಾಗದಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. "ಹಂಗಾದ್ರೆ ಇಷ್ಟು ವರ್ಷ ನೀವು ಎಡೆ ಇಟ್ಟಿದ್ದು ಯಾವುದಕ್ಕೆ ಆಂಟಿ? ಅಂಕಲ್ ಇದ್ದಿದ್ದು ಯಾವುದ್ರಲ್ಲಿ?"

ಆಂಟಿ ಟಿಫಿನ್ ಕ್ಯಾರಿಯರ್ ಬಿಚ್ಚಿದರು. ಎಲೆ ಒರೆಸಿ ಮುದ್ದೆ ಇಟ್ಟರು, ಬಸ್ಸಾರು ಬಡಿಸಿದರು, ಬೀಡಿ ಕಟ್ಟು ಬಿಚ್ಚಿ ಒಂದನ್ನು ಮುಂದಕ್ಕೆ ಎಳೆದಿಟ್ಟರು. ಇಬ್ಬರೂ ಹೊರಗೆ ಬಂದು ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಕೂತೆವು. ಬೀದಿಯಲ್ಲಿ ಸ್ಕೂಟರುಗಳು ಓಡಾಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಆಂಟಿ ಕೇಳಿದರು:

"ಅಂದಂಗೆ, ಎಲ್ಲಿದು ಅದು?"

"ಸಾರಕ್ಕಿ ಸಿಗ್ನಲ್ ಹತ್ರ ಸಿಕ್ತು ಆಂಟಿ."

"ಸಿಗ್ನಲ್ ಅನ್ಬೇಡ. ಹುಣಸೇಮರದ ಹೊಲದ್ದು ಅನ್ನು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಹಂಗಾದ್ರೆ ಈ ಸಲ ದಾರಿ ಗೊತ್ತಾಗಿರುತ್ತೆ."

ಮರುದಿನ ಮಂಜಣ್ಣನಿಗೆ ಫೋನ್ ಮಾಡಿದೆ. ಸುತ್ತಿಗೆ ಹಿಡಿದು ಬಂದವರು ಮತ್ತೆ ಅದೇ ಪ್ರಶ್ನೆ ಕೇಳಿದರು. ಅದು ದೇವರೋ, ಹಿರಿಯರೋ, ಬರೀ ಅಂದವೋ, ನನಗೆ ಈಗಲೂ ಗೊತ್ತಿಲ್ಲ. ಗೋಡೆ ಮಾತ್ರ ಗೊತ್ತಿತ್ತು.

"ಬಾಗಿಲ ಎದುರಿನ ಗೋಡೆಗೆ ಅಣ್ಣ," ಅಂದೆ. "ಒಳಗೆ ಬಂದವರಿಗೆ ಮೊದಲು ಅದೇ ಕಾಣ್ಬೇಕು."